ಮದ್ಯದ ಜಾಹೀರಾತು: ಸ್ವಯಂನಿಯಂತ್ರಣ ಎಲ್ಲಿಯವರೆಗೆ, ಕಾಯಿದೆ ಎಲ್ಲಿಂದ?

ಕರೋಶಿಯಂತಹ ಗ್ರಾಮದ ಜಾತ್ರೆಗೋ ಕುಸ್ತಿ ಪಂದ್ಯಾವಳಿಗೋ ಪ್ರಾಯೋಜಕರ ಫಲಕಗಳು ಬರುವುದು ಸಹಜ. ಅವುಗಳಲ್ಲಿ ಮದ್ಯದ ಹೆಸರನ್ನೇ ಹೊತ್ತ ಸೋಡಾ ಅಥವಾ ಕುಡಿಯುವ ನೀರಿನ ಫಲಕವೊಂದಿದ್ದರೆ ಅದು ಯಾವ ಸರಕಿನ ಪ್ರಚಾರ? ಈ ಪ್ರಶ್ನೆ ದೊಡ್ಡ ಕಂಪನಿಗಳಿಗೆ ಮಾತ್ರ ಸೇರಿದ್ದಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಮುದ್ರಕರು, ಕೇಬಲ್ ನಿರ್ವಾಹಕರು ಹಾಗೂ ನಿಜವಾಗಿಯೂ ಸೋಡಾ ತಯಾರಿಸುವ ಸಣ್ಣ ಉದ್ಯಮಿಗಳಿಗೂ ಸೇರಿದ್ದು.

ಹಿನ್ನೆಲೆ

1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದು, 1949ರ ಮುಂಬಯಿ ಪಾನನಿರೋಧ ಕಾಯಿದೆಗೆ ಒಳಪಟ್ಟಿತ್ತು. ಮದ್ಯವನ್ನು ಪ್ರಶಂಸಿಸುವುದನ್ನೂ ಆ ಕಾಯಿದೆ ನಿಷೇಧಿಸಿತ್ತು. 1951ರ ಬಾಲ್ಸರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಅಂಶವು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಅಸಿಂಧುಗೊಳಿಸಿತಾದರೂ ಪಾನನಿರೋಧದ ಮೂಲ ಅಧಿಕಾರವನ್ನು ಎತ್ತಿಹಿಡಿಯಿತು. ಮಾರಾಟದ ನಿಯಂತ್ರಣ ಬೇರೆ, ಮಾತಿನ ನಿಯಂತ್ರಣ ಬೇರೆ ಎಂಬ ಈ ತೊಡಕು ಇಂದಿಗೂ ಬಗೆಹರಿದಿಲ್ಲ.

ದೂರದರ್ಶನ ವಾಹಿನಿಗಳ ಮಟ್ಟಿಗೆ ನಿಯಮ ಸ್ಪಷ್ಟ. 1994ರ ಕೇಬಲ್ ಟೆಲಿವಿಷನ್ ಜಾಲಗಳ ನಿಯಮಾವಳಿಯ 7ನೆಯ ನಿಯಮವು ಮದ್ಯ ಮತ್ತು ತಂಬಾಕಿನ ನೇರ ಹಾಗೂ ಪರೋಕ್ಷ ಜಾಹೀರಾತನ್ನು ನಿಷೇಧಿಸುತ್ತದೆ. ಆದರೂ ಅದೇ ಹೆಸರಿನ ನೀರು, ಸೋಡಾ, ಸಂಗೀತದ ಸಿ.ಡಿ.ಗಳು ತೆರೆಯ ಮೇಲೆ ಕಾಣಿಸಿಕೊಂಡವು. ಇದೇ ಪರೋಕ್ಷ ಜಾಹೀರಾತು.

ಉದ್ಯಮದ ಹಣ, ಸರ್ಕಾರದ ಹಣ

1985ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಭಾರತೀಯ ಜಾಹೀರಾತು ಮಾನದಂಡ ಮಂಡಳಿ ಸರ್ಕಾರಿ ಸಂಸ್ಥೆಯಲ್ಲ. ಜಾಹೀರಾತುದಾರರು, ಏಜೆನ್ಸಿಗಳು, ಮಾಧ್ಯಮಗಳು ಸದಸ್ಯರಾಗಿ ಅದರ ವೆಚ್ಚ ಭರಿಸುತ್ತಾರೆ. ದೂರು ಬಂದಾಗ ಅದು ಪರಿಶೀಲಿಸಿ, ಜಾಹೀರಾತನ್ನು ಬದಲಿಸಲು ಅಥವಾ ಹಿಂಪಡೆಯಲು ಹೇಳುತ್ತದೆ. ದಂಡ ವಿಧಿಸುವ ಅಧಿಕಾರ ಅದಕ್ಕಿಲ್ಲ. 2006ರಲ್ಲಿ ಅದರ ಸಂಹಿತೆಯನ್ನು ಕೇಬಲ್ ನಿಯಮಾವಳಿಗೆ ಸೇರಿಸಿದ್ದರಿಂದ ವಾಹಿನಿಗಳ ಮಟ್ಟಿಗೆ ಕಾನೂನಿನ ಬಲ ದೊರೆಯಿತು. ಮದ್ಯದ ಹೆಸರಿನ ಬೇರೆ ಸರಕು ನಿಜವಾಗಿಯೂ ಮಾರುಕಟ್ಟೆಯಲ್ಲಿದೆಯೇ, ಅದರ ವಹಿವಾಟಿಗೂ ಜಾಹೀರಾತಿನ ವೆಚ್ಚಕ್ಕೂ ತಾಳೆಯಿದೆಯೇ ಎಂಬುದೇ ಮಂಡಳಿಯ ಮುಖ್ಯ ಪರೀಕ್ಷೆ.

ಇನ್ನೊಂದೆಡೆ ಸಾರ್ವಜನಿಕ ಹಣದ ಪ್ರಶ್ನೆಯಿದೆ. ಕರ್ನಾಟಕದಲ್ಲಿ ಮದ್ಯದ ಸಗಟು ವಿತರಣೆ 2003ರಲ್ಲಿ ಸ್ಥಾಪಿತವಾದ ಸರ್ಕಾರಿ ಪಾನೀಯ ನಿಗಮದ ಮೂಲಕ ನಡೆಯುತ್ತದೆ. ಅಬಕಾರಿ ಸುಂಕವು ರಾಜ್ಯದ ಪ್ರಮುಖ ಆದಾಯಗಳಲ್ಲೊಂದು. ಅದೇ ಸರ್ಕಾರ ಮದ್ಯಪಾನ ಸಂಯಮ ಮಂಡಳಿಗೂ ಅನುದಾನ ನೀಡುತ್ತದೆ. ಉದ್ಯಮವೇ ಹಣ ಕೊಡುವ ನಿಯಂತ್ರಣಕ್ಕೆ ಸ್ವಹಿತದ ಶಂಕೆ ತಪ್ಪದು. ಮದ್ಯದಿಂದಲೇ ಆದಾಯ ಪಡೆಯುವ ಸರ್ಕಾರದ ನಿಯಂತ್ರಣಕ್ಕೂ ಆ ಶಂಕೆ ಪೂರ್ಣವಾಗಿ ತಪ್ಪದು. ಬ್ರಿಟನ್ನಿನಲ್ಲಿ ಜಾಹೀರಾತು ವೆಚ್ಚದ ಮೇಲೆ ಶೇ. 0.1ರಷ್ಟು ವಂತಿಗೆಯನ್ನು ಪ್ರತ್ಯೇಕ ಸಂಸ್ಥೆಯ ಮೂಲಕ ಸಂಗ್ರಹಿಸಿ, ದೂರು ವಿಚಾರಿಸುವವರಿಗೆ ಯಾರು ಎಷ್ಟು ಕೊಟ್ಟರೆಂಬುದು ತಿಳಿಯದಂತೆ ಮಾಡಲಾಗಿದೆ. ಫ್ರಾನ್ಸ್ 1991ರಲ್ಲಿ ಕಾಯಿದೆಯ ದಾರಿಯನ್ನೇ ಹಿಡಿಯಿತು.

ವರ್ತಕರ ಹೊಣೆ

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ 2022ರ ಜೂನ್ 9ರಂದು ಹೊರಬಂದ ಮಾರ್ಗಸೂಚಿಗಳು ಪರೋಕ್ಷ ಜಾಹೀರಾತನ್ನು ನಿಷೇಧಿಸಿವೆ. ಕೇವಲ ಹೆಸರು ಒಂದೇ ಎಂಬುದು ತಪ್ಪಾಗದು. ನಿಷಿದ್ಧ ಸರಕನ್ನು ನೆನಪಿಸುವ ಬಣ್ಣ, ವಿನ್ಯಾಸ, ಸೂಚನೆಗಳಿದ್ದರೆ ತಪ್ಪಾಗುತ್ತದೆ. ದಾರಿತಪ್ಪಿಸುವ ಜಾಹೀರಾತಿಗೆ ತಯಾರಕರ ಮೇಲೆ ಮೊದಲ ಬಾರಿ 10 ಲಕ್ಷ ರೂ., ಮರುಕಳಿಸಿದರೆ 50 ಲಕ್ಷ ರೂ.ವರೆಗೆ ದಂಡ ವಿಧಿಸಬಹುದು. ಪ್ರಕಟಿಸಿದವರಿಗೂ 10 ಲಕ್ಷ ರೂ.ವರೆಗಿನ ದಂಡವುಂಟು. ವ್ಯವಹಾರದ ಸಾಮಾನ್ಯ ಕ್ರಮದಲ್ಲಿ ಪ್ರಕಟಿಸಿದ್ದೆಂದು ರುಜುವಾತುಪಡಿಸಿದವರಿಗೆ ರಕ್ಷಣೆಯಿದೆ. ಹಿಂಪಡೆಯುವ ಆದೇಶ ತಿಳಿದೂ ಮುಂದುವರಿಸಿದವರಿಗೆ ಅದು ದೊರೆಯದು.

ಆದುದರಿಂದ ಇಂತಹ ಫಲಕದ ಕೆಲಸ ಬಂದಾಗ ಲಿಖಿತ ಆದೇಶ, ಬಿಲ್ಲು, ವಿನ್ಯಾಸದ ಪ್ರತಿಗಳನ್ನು ಕಡತದಲ್ಲಿಟ್ಟುಕೊಳ್ಳುವುದು ಕ್ಷೇಮ. ಫಲಕದಲ್ಲಿರುವ ಸರಕು ಊರಿನ ಅಂಗಡಿಯಲ್ಲಿ ದೊರೆಯುತ್ತದೆಯೇ ಎಂದು ವಿಚಾರಿಸುವುದೂ ಒಳ್ಳೆಯದು. ಎಲ್ಲಿಯೂ ದೊರೆಯದ ಸೋಡಾದ ಪ್ರಚಾರದಿಂದ ಮೊದಲು ನಷ್ಟಕ್ಕೀಡಾಗುವವನು ಪ್ರಾಮಾಣಿಕವಾಗಿ ಸೋಡಾ ಮಾರುವ ಸಣ್ಣ ತಯಾರಕನೇ. ತಂಬಾಕಿನ ಪೇಟೆಯಾದ ನಿಪ್ಪಾಣಿಯ ವರ್ತಕರು 2003ರ ತಂಬಾಕು ಕಾಯಿದೆ ಬಂದಾಗ ಇಂತಹ ಬದಲಾವಣೆಯನ್ನು ಕಂಡಿದ್ದಾರೆ. ಉದ್ಯಮ ತನ್ನ ಮಿತಿಯನ್ನು ತಾನೇ ಪಾಲಿಸದಿದ್ದರೆ ಆ ಮಿತಿಯನ್ನು ಕಾಯಿದೆಯೇ ಬರೆಯುತ್ತದೆ.