ರಕ್ತಕ್ಕೆ ಶಾರ್ಟ್‌ಕಟ್, ಹಾರ್ಟಿಗೆ ಓವರ್‌ಟೈಮ್

ಡಯಾಲಿಸಿಸ್ ಮಾಡಿಸ್ಕೊಳ್ಳೋ ನಮ್ಮ ಸೋದರಮಾವ ಒಮ್ಮೆ ನನ್ನ ಬೆರಳನ್ನ ತಮ್ಮ ಮುಂಗೈ ಮೇಲೆ ಇಟ್ಕೊಂಡರು. ಚರ್ಮದ ಕೆಳಗೆ ವೈಬ್ರೇಟ್ ಆಗೋ ಫೋನಿನ ಥರ ಗುಂಯ್ ಅಂತಿತ್ತು. ಹೃದಯದಿಂದ ರಕ್ತ ಒಯ್ಯೋ ಅಪಧಮನಿಯನ್ನ, ವಾಪಸ್ ತರೋ ಅಭಿಧಮನಿಗೆ ಡಾಕ್ಟರೇ ಅಲ್ಲಿ ಜೋಡಿಸಿದ್ದರು. ಅದು ಫಿಸ್ಟುಲಾ.

ಇದೇ ಜೋಡಣೆ ಗಾಯದಿಂದ ತಾನಾಗೇ ಆಗಿಬಿಟ್ರೆ? ಚಾಕು ಇರಿತ, ಗುಂಡೇಟು, ಅಪರೂಪಕ್ಕೆ ತೊಡೆಸಂದಿನಲ್ಲಿ ಮಾಡೋ ಆಂಜಿಯೋಗ್ರಾಂನಿಂದಲೂ ಆಗಬಹುದು. ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1757ರಲ್ಲೇ ಇದನ್ನ ವಿವರಿಸಿದ್ದ. ಆಗ ಚಿಕಿತ್ಸೆ ಅಂತ ರಕ್ತ ಹರಿಸ್ತಿದ್ರಲ್ಲ, ಮೊಣಕೈ ಹತ್ತಿರ ಬ್ಲೇಡು ಅಭಿಧಮನಿ ದಾಟಿ ಅಪಧಮನಿಗೂ ಹೊಕ್ಕಿತ್ತು.

ನಾನು ಬಿಕಾಂ, ನನಗೆ ಅರ್ಥ ಆಗಿದ್ದು ಹೀಗೆ: ಸರಕು ಗಿರಾಕಿಗೆ ತಲುಪದೆ ಹಿಂಬಾಗಿಲಿಂದ ಗೋಡೌನಿಗೇ ವಾಪಸ್. ಟರ್ನೋವರ್ ಮಾತ್ರ ಭರ್ಜರಿ! ರಕ್ತ ಸಣ್ಣ ಲೋಮನಾಳಗಳಿಗೆ ಹೋಗದೆ ನೇರ ಹೃದಯಕ್ಕೆ ಮರಳುತ್ತೆ. ದೇಹಕ್ಕೆ ಸಾಲಲ್ಲ ಅಂತ ಹೃದಯ ಇನ್ನಷ್ಟು ಪಂಪ್ ಮಾಡುತ್ತೆ. ಕಿಂಡಿ ದೊಡ್ಡದಿದ್ರೆ ಕ್ರಮೇಣ ಹಿಗ್ಗಿ ಸೋಲುತ್ತೆ. ಏದುಸಿರು, ಕಾಲು ಬಾವು ಶುರು. ವಿಚಿತ್ರ ಏನಂದ್ರೆ, ಸೋಲ್ತಿರೋ ಈ ಹೃದಯ ಮಾಮೂಲಿಗಿಂತ ಹೆಚ್ಚೇ ರಕ್ತ ತಳ್ತಿರುತ್ತೆ.

ಆ ಜಾಗ ಒತ್ತಿ ಹಿಡಿದ್ರೆ ನಾಡಿಬಡಿತ ನಿಧಾನ ಆಗಬಹುದು. ಡಾಕ್ಟರ್‌ಗಳಿಗೆ ಇದು ಹಳೇ ಸುಳಿವು. ನೀವು ಮನೇಲಿ ಒತ್ತಿ ನೋಡೋಕೆ ಹೋಗ್ಬೇಡಿ, ಪ್ಲೀಸ್.

ತೊಂದರೆ ಇರೋದು ಇಲ್ಲಿ: ಗಾಯ ಆಗಿ ವರ್ಷಗಳೇ ಕಳೆದಿರಬಹುದು. ಏದುಸಿರು ಅಂತ ಆಸ್ಪತ್ರೆಗೆ ಹೋದವರಿಗೆ ತೊಡೆಯ ಹಳೇ ಗಾಯ ನೆನಪಾಗೋದಾದ್ರೂ ಹೇಗೆ? ಅಲ್ಲಿ ಗುಂಯ್ ಅನ್ನೋ ಕಂಪನ ಇದ್ರೆ ಡಾಕ್ಟರ್‌ಗೆ ಹೇಳ್ಲೇಬೇಕು. ಡಾಪ್ಲರ್ ಸ್ಕ್ಯಾನಲ್ಲಿ ಕಾಣುತ್ತೆ. ಆಪರೇಷನ್ ಮಾಡಿ, ಇಲ್ಲಾ ಹೊದಿಕೆ ಇರೋ ಸ್ಟೆಂಟ್ ಹಾಕಿ ಮುಚ್ಚಬಹುದು. ಸಕಾಲಕ್ಕೆ ಮುಚ್ಚಿದ್ರೆ ಹೃದಯ ಎಷ್ಟೋ ಸಲ ಚೇತರಿಸ್ಕೊಳ್ಳುತ್ತೆ.