‘ಕನ್‌ಫರ್’ ಎಂಬ ಶಬ್ದ

ಕಳೆದ ವರ್ಷ ತೇರ್ಗಡೆಯಾದ ಮಿತ್ರನೊಬ್ಬನ ಪದವಿಪತ್ರವನ್ನು ನಮ್ಮ ತಂದೆಯವರಿಗೆ ತೋರಿಸಿದೆನು. ನಮ್ಮ ಮನೆಗೆ ಅಂಥ ಕಾಗದ ಇದುವರೆಗೆ ಬಂದಿಲ್ಲ. ಪರೀಕ್ಷೆ ಕೈಹಿಡಿದರೆ ಮೊದಲು ತರುವವನು ನಾನು. “ಏನಂತ ಬರೆದವ್ರೆ, ಓದು” ಎಂದರು. ಅದರಲ್ಲಿದ್ದ ‘ಕನ್‌ಫರ್’ ಎಂಬ ಕ್ರಿಯಾಪದವನ್ನು ನಾನು ‘ದಯಪಾಲಿಸು’ ಎಂದು ಕನ್ನಡಿಸಿದೆನು. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಓದ್ದೋನು ಇವ್ನು, ದಯೆ ಅವ್ರದಾ?” ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಹುಡುಕಿ ತಿಳಿದುದನ್ನು ವಾಚಕರ ಮುಂದಿಡುತ್ತೇನೆ.

‘ಕನ್‌ಫರ್’ ಎಂದರೆ ಕೊಡುವುದೇ ಸರಿ. ಆದರೆ ಸಾಲ ಕೊಡುವುದಕ್ಕೂ ಊಟ ಕೊಡುವುದಕ್ಕೂ ಈ ಮಾತು ಸಲ್ಲದು. ಪದವಿ, ಬಿರುದು, ಹಕ್ಕು, ಅಧಿಕಾರ ಇಂಥವನ್ನು ಕೊಡತಕ್ಕ ಅಧಿಕಾರವುಳ್ಳವರು ಕೊಡುವಾಗ ಮಾತ್ರ ಇದು ಒಪ್ಪುತ್ತದೆ. ನಮ್ಮ ದೇಶದಲ್ಲಿ ಪದವಿ ಕೊಡುವ ಹಕ್ಕು ಯಾರಿಗುಂಟೆಂಬುದನ್ನು 1956ರ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಕಾಯಿದೆಯ 22ನೆಯ ಪ್ರಕರಣವೇ ಗೊತ್ತುಮಾಡಿದೆ. ನಮ್ಮಂಥ ಕಾಲೇಜು ಪಾಠ ಹೇಳಬಹುದು, ಪದವಿ ವಿಶ್ವವಿದ್ಯಾನಿಲಯದ್ದು. ಅಂದಮೇಲೆ ಇಲ್ಲಿರುವುದು ಅಧಿಕಾರ, ದಯೆಯಲ್ಲ. ‘ಪ್ರದಾನ ಮಾಡು’ ಎಂದಿದ್ದರೆ ತಂದೆಯವರು ನನ್ನನ್ನು ಹಿಡಿಯುತ್ತಿರಲಿಲ್ಲ!

ಪದವಿಯನ್ನು ಒಬ್ಬರಿಗೆ ಕೊಡುವಾಗ ಈ ಕ್ರಿಯಾಪದದ ಜೊತೆಗೆ ‘ಆನ್’ ಬರಬೇಕು. ನಾನು ಒಮ್ಮೆ ಪ್ರಬಂಧದಲ್ಲಿ ‘ವಿತ್’ ಎಂದು ಬರೆದು ಕೆಂಪು ಗೆರೆ ಹಾಕಿಸಿಕೊಂಡೆ. ಪತ್ರಿಕೆಗಳಲ್ಲಿಯೂ ಆ ತಪ್ಪು ಉಂಟೆಂಬುದೊಂದೇ ಸಮಾಧಾನ.

‘ವಿತ್’ ಬಂದರೆ ಅರ್ಥವೇ ಬೇರೆ: ಒಬ್ಬರೊಡನೆ ಕೂಡಿ ಆಲೋಚಿಸುವುದು. ಇದು ‘ಕನ್ಸಲ್ಟ್’ ಎಂಬುದಕ್ಕೆ ಹತ್ತಿರವಾದರೂ ಅದೇ ಅಲ್ಲ. ರೋಗಿ ವೈದ್ಯರನ್ನು ‘ಕನ್ಸಲ್ಟ್’ ಮಾಡುತ್ತಾನೆ. ಅವನ ಹಾಸಿಗೆಯ ಬಳಿ ಇಬ್ಬರು ವೈದ್ಯರು ತಮ್ಮತಮ್ಮಲ್ಲಿ ‘ಕನ್‌ಫರ್’ ಮಾಡುತ್ತಾರೆ. ಮೊದಲನೆಯದರಲ್ಲಿ ಒಬ್ಬ ಕೇಳುವವನು, ಒಬ್ಬ ಹೇಳುವವನು. ಎರಡನೆಯದರಲ್ಲಿ ಇಬ್ಬರೂ ಕೇಳುವವರೇ, ಇಬ್ಬರೂ ಹೇಳುವವರೇ. ‘ಕಾನ್ಫರೆನ್ಸ್’ ಹುಟ್ಟಿದ್ದು ಈ ಬಳಗದಲ್ಲಿಯೇ.

ಕೊಡುವುದೂ ಕೂಡಿ ಮಾತನಾಡುವುದೂ ಒಂದೇ ಶಬ್ದದೊಳಗೆ ಹೇಗೆ ಸೇರಿದವು? ಮೂಲ ಲ್ಯಾಟಿನ್. ‘ಫೆರ್ರೆ’ ಎಂದರೆ ಹೊರು, ತರು. ಮುಂದಿನ ‘ಕಾನ್’ ಎಂದರೆ ಒಟ್ಟಿಗೆ. ಒಟ್ಟಿಗೆ ತಂದಿಡುವುದೇ ಹಳೆಯ ಅರ್ಥ. ಎರಡನ್ನು ಒಟ್ಟಿಗಿಟ್ಟರೆ ಹೋಲಿಸಿ ನೋಡಿದಂತಾಯಿತು. ಪುಸ್ತಕಗಳ ಅಡಿಟಿಪ್ಪಣಿಯಲ್ಲಿ ಕಾಣುವ ‘ಸಿ. ಎಫ್.’ ಎಂಬೆರಡು ಅಕ್ಷರಗಳು ಇದೇ ಶಬ್ದದ ಸಂಕ್ಷೇಪ. ಇನ್ನೂ ಸೋಜಿಗವೆಂದರೆ, ಈ ‘ಫೆರ್ರೆ’ಯೂ ಸಂಸ್ಕೃತದ ‘ಭೃ’ ಧಾತುವೂ ಒಂದೇ ಮೂಲದವು. ನಾವು ದಿನವೂ ಆಡುವ ‘ಭಾರ’, ಕಾಲೇಜಿನ ಶುಲ್ಕವನ್ನು ‘ಭರಿಸು’ವುದು, ಎಲ್ಲವೂ ಆ ಧಾತುವಿನ ಸಂತಾನ. ಶುಲ್ಕ ಭರಿಸಿದವರು ಯಾರೆಂಬುದನ್ನು ನಾನು ಬೇರೆ ಹೇಳಬೇಕಾಗಿಲ್ಲ.

ಈಚೆಗೆ ಮನೆಯಲ್ಲಿ, “ಎಂ. ಎ.ಗೆ ಅರ್ಜಿ ಹಾಕ್ತೀನಿ ಅಪ್ಪ” ಎಂದೆನು. “ಹೇಳ್ದೆ, ಕೇಳ್ಲಿಲ್ಲ” ಎಂದರು ತಂದೆಯವರು. ನಿಘಂಟು ತಿರುವಿದವನಿಗೆ ತಿಳಿಯದ ‘ವಿತ್’ ಅವರಿಗೆ ತಿಳಿದಿತ್ತು. ಅಂದು ರಾತ್ರಿ ಜಗಲಿಯ ಮೇಲೆ ಕುಳಿತೆವು. ಹಾಸ್ಟೆಲಿನ ಖರ್ಚು, ತಂಗಿಯ ಓದು, ತೀರದ ಸಾಲ ಎಲ್ಲವನ್ನೂ ಒಂದೊಂದಾಗಿ ಅವರು ತಂದಿಟ್ಟರು. ನಾನೂ ನನ್ನ ಮಾತನ್ನು ಇಟ್ಟೆನು. ಇನ್ನೂ ತೀರ್ಮಾನವಾಗಿಲ್ಲ.