ಹಂಡೆ ಒಲೆ ಹೊಗೆ ಕಾರುತ್ತಿದೆಯೇ?

ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಅಡುಗೆಗೆ ಗ್ಯಾಸ್ ಬಂದ ಎಷ್ಟೋ ಮನೆಗಳಲ್ಲಿ ಸ್ನಾನದ ನೀರಿಗೆ ಈಗಲೂ ಸೌದೆಯೇ. ಬಂಡೀಪುರದ ಅಂಚಿನವರಿಗೆ ಸೌದೆ ತರುವುದೆಂದರೆ ಆನೆ ಭಯ, ಕೇಸಿನ ಭಯ ಎರಡೂ. ಒಲೆ ಸರಿಯಿದ್ದರೆ ಆ ಅಲೆದಾಟ ಕಡಿಮೆ.

ಹೊಗೆ ಒಲೆಬಾಯಿಂದ ವಾಪಸ್ ಬರುತ್ತಾ? ಕೊಳವೆಯಲ್ಲಿ ಮಸಿ ಕಟ್ಟಿರಬಹುದು. ಒಲೆ ಆರಿದ ಮೇಲೆ ಕೋಲಿಗೆ ಗೋಣಿ ಸುತ್ತಿ ಒಳಗೆಲ್ಲ ಉಜ್ಜಿ. ಕೊಳವೆ ತುದಿ ಮಾಡಿನ ನೆತ್ತಿಗಿಂತ ಕೆಳಗಿದ್ದರೂ ಗಾಳಿ ಹೊಗೆಯನ್ನು ಒಳಗೆ ನೂಕುತ್ತದೆ; ಎತ್ತರಿಸಿ.

ಉರಿ ಏಳುತ್ತಿಲ್ಲವಾ? ಬೆಂಕಿಗೆ ಕೆಳಗಿನಿಂದ ಗಾಳಿ ಬೇಕು. ಕಂಬಿ ಜಾಲರಿ ಹಾಕಿಸಿ, ಅದರಡಿಯ ಬೂದಿ ದಿನಾ ತೆಗೀರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಬಳಕೆಗೆ ತಂದ ‘ಅಸ್ತ್ರ ಒಲೆ’ಯ ಗುಟ್ಟೂ ಇದೇ: ಅಡಿಗೆ ಜಾಲರಿ, ಸುತ್ತ ಮುಚ್ಚಿದ ಗೂಡು, ಹೊಗೆಗೆ ಕೊಳವೆ.

ಉರಿ ಚೆನ್ನಾಗಿದ್ದೂ ನೀರು ಕಾಯಲ್ಲವಾ? ಹಂಡೆ ಸುತ್ತ ಸಂದು ಅಗಲವಾಗಿದ್ದರೆ ಶಾಖವೆಲ್ಲ ಕೊಳವೆ ಪಾಲು. ಮಣ್ಣು ಮೆತ್ತಿ ಸಂದು ಕಿರಿದು ಮಾಡಿ, ಪೂರ್ತಿ ಮುಚ್ಚಬೇಡಿ. ಹಂಡೆ ಹೊರಗಿನ ಮಸಿ, ಒಳಗೆ ಬೋರ್‌ವೆಲ್ ನೀರು ಕಟ್ಟಿದ ಸುಣ್ಣದ ಪದರ, ಎರಡೂ ಶಾಖಕ್ಕೆ ಅಡ್ಡಿ. ಸುಣ್ಣಕ್ಕೆ ಹುಣಸೆಹಣ್ಣಿನ ನೀರು ಹಾಕಿ ನೆನೆಸಿ ಉಜ್ಜಿ. ಮುಚ್ಚಳ ಮರೀಬೇಡಿ.

ತಾಮ್ರದ ಬಾಯ್ಲರ್ ಇದ್ದವರು ನೀರು ತುಂಬದೆ ಬೆಂಕಿ ಹಾಕಲೇಬಾರದು. ಬೆಸುಗೆ ಬಿಟ್ಟು ಸೋರುತ್ತದೆ.

ಕೊನೆಗೆ ಸೌದೆ. ಹಸಿಯದ್ದಾದರೆ ಅದರ ನೀರು ಆರಿಸಲಿಕ್ಕೇ ಅರ್ಧ ಉರಿ ಹೋದಂತೆ. ಹಿಪ್ಪುನೇರಳೆ ಕಡ್ಡಿ, ಹತ್ತಿ ಕಡ್ಡಿ, ತೆಂಗಿನ ಹೆಡೆಮಟ್ಟೆಯನ್ನು ಬೇಸಿಗೆಯಲ್ಲೇ ಒಣಗಿಸಿ ಮಳೆ ಬೀಳದ ಕಡೆ ಪೇರಿಸಿಡಿ. ಹೊಲದ್ದೇ ಸಾಕಾದರೆ ಕಾಡಿನ ದಾರಿ ಯಾಕೆ?